ಕೋರ್ಟಿನ ಬಾಗಿಲಲ್ಲಿ ನಿಂತವರು

(ರೋಣ, ನರಗುಂದ, ಗಜೇಂದ್ರಗಡ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಡಿದ ಧಾಟಿಯಲ್ಲೇ ಬರೆದುಕೊಟ್ಟಿದ್ದೇನೆ.)



ಕವಿತೆ ಓದು ಅಂತ ಕರೆದಿರಿ, ನಾನು ಕಾನೂನು ಹೇಳಾಕ ನಿಂತೀನಿ. ನಾನು ವಕೀಲನಲ್ಲ, ಬಿ.ಎ. ಮುಗಿಸಿದವ. ಆದರೂ ಈ ಮಾತು ನಾವೇ ಆಡಬೇಕು. ಯಾಕಂದ್ರ ನಮ್ಮ ಮನೆಗಳಲ್ಲಿ ಸಮನ್ಸಿನ ಕಾಗದ ಬಂದರೆ ಅದನ್ನು ಓದಬಲ್ಲ ಮೊದಲನೇ ಮನುಷ್ಯರು ನೀವು. ಹಾಸ್ಟೆಲಿನಿಂದ ಊರಿಗೆ ಹೋದ ಹುಡುಗನ ಮುಂದೆ ಅಪ್ಪ ಟ್ರಂಕಿನ ತಳದಿಂದ ತೆಗೆದು ಹಿಡಿಯೋದು ಆ ಕಾಗದಾನ. ‘ಇದೇನೈತಿ ನೋಡಪಾ’ ಅಂತಾನ.

ಕೇರಿಯ ಹಿರಿಯರನ್ನ ಕೇಳಿ ನೋಡ್ರಿ, ಕೋರ್ಟಿಗೆ ಯಾಕ ಅಂಜತೀರಿ ಅಂತ. ಅವರು ಜಡ್ಜ್ ಸಾಹೇಬರನ್ನು ನೆನೆಯೋದಿಲ್ಲ, ಸಾಹೇಬರನ್ನು ಅವರು ನೆಟ್ಟಗೆ ನೋಡಿಯೂ ಇಲ್ಲ. ಅವರು ಅಂಜೋದು ಬಾಗಿಲಲ್ಲಿ ನಿಂತವರಿಗೆ: ‘ಏ, ಎಲ್ಲಿಗೆ ಹೊಂಟೀ’ ಅನ್ನೋ ಪೊಲೀಸಪ್ಪನಿಗೆ, ಹೆಸರು ಕೂಗೋ ಪಟ್ಟೇವಾಲಾಗೆ, ಮನೆ ಬಾಗಿಲಿಗೆ ಬರೋ ಬೇಲೀಫನಿಗೆ. ಸಂವಿಧಾನ ನಮಗೆ ಕೋರ್ಟು ಕೊಟ್ಟೈತಿ. ಆದರೆ ಕೋರ್ಟಿನ ಹೊಸ್ತಿಲ ಮೇಲೆ ಇನ್ನೂ ಹಳೆಯ ಊರೇ ನಿಂತೈತಿ. ಹೊಸ್ತಿಲಲ್ಲಿ ನಿಂತವರ ಕೆಲಸ ಏನು, ಅವರ ಅಧಿಕಾರ ಎಲ್ಲಿ ಮುಗಿಯುತ್ತದೆ, ಇವತ್ತು ಅಷ್ಟನ್ನೇ ಹೇಳತೀನಿ.

ಕೋರ್ಟಿನ ಬಾಗಿಲು ನಮಗೆ ತಾನಾಗಿ ತೆರೆದದ್ದಲ್ಲ. ರೋಣ, ನರಗುಂದ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. 1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಸರಕಾರದ ಹಣದಲ್ಲಿ ಕಟ್ಟಿದ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರು ಬಳಸಬಹುದು ಅಂತ ಅದರಲ್ಲಿತ್ತು. ಅಷ್ಟೇ ಇರಲಿಲ್ಲ. ಅದೇ ಠರಾವಿನಲ್ಲಿ ಸರಕಾರಿ ಸಾಲೆ, ಕಚೇರಿ, ದವಾಖಾನೆಗಳ ಜೊತೆಗೆ ಕೋರ್ಟುಗಳ ಹೆಸರೂ ಇತ್ತು. ವಿಚಾರ ಮಾಡ್ರಿ. ನ್ಯಾಯ ಕೇಳುವ ಜಾಗಕ್ಕೆ ಕಾಲಿಡಬಹುದು ಅಂತ ಹೇಳೋದಕ್ಕೂ ಒಂದು ಠರಾವು ಬೇಕಾಯಿತು.

ಆ ಠರಾವು ಕಾಗದದಲ್ಲೇ ಕೊಳೆಯುತ್ತಿದ್ದಾಗ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಮುಟ್ಟಿದರು. ಸವರ್ಣೀಯರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಬಾಬಾಸಾಹೇಬರು ಆ ವರ್ಷದ ಡಿಸೆಂಬರಿನಲ್ಲಿ ಮತ್ತೆ ಹೂಡಿದ್ದ ಸತ್ಯಾಗ್ರಹವನ್ನು ನಿಲ್ಲಿಸಿ ಕೋರ್ಟಿನಲ್ಲೇ ಹೋರಾಡಿದರು. 1937ರಲ್ಲಿ ಮುಂಬಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಹತ್ತು ವರ್ಷ! ನಮ್ಮವರು ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಸವೆಸಿದ ಹತ್ತು ವರ್ಷ ಅವು. ಆ ಮೆಟ್ಟಿಲ ಮೇಲೆ ಈಗ ಯಾವನಾದರೂ ‘ದೂರ ನಿಲ್ಲು’ ಅಂದರೆ ಸುಮ್ಮನೆ ದೂರ ನಿಲ್ಲಬೇಕೇನು?

ಈಗ ಬಾಗಿಲಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ಗುರುತು ಹಿಡಿಯೋಣ. ಖಾಕಿ ಕಂಡಕೂಡಲೇ ಎಲ್ಲರೂ ಒಂದೇ ಅಂತ ನಮ್ಮವರು ತಿಳಿಯುತ್ತಾರೆ. ಹಂಗಿಲ್ಲ.

ಒಬ್ಬ ಕೋರ್ಟ್ ಡ್ಯೂಟಿ ಪೊಲೀಸ. ಇವನು ಠಾಣೆಯವ. ಕೇಸಿನ ಕಾಗದ ತರುವುದು, ಸಮನ್ಸು ವಾರಂಟುಗಳ ಲೆಕ್ಕ ಇಡುವುದು, ಸಾಕ್ಷಿಗಳನ್ನು ಹಾಜರು ಮಾಡಿಸುವುದು, ಗದ್ದಲ ಆಗದಂತೆ ನೋಡುವುದು ಇವನ ಕೆಲಸ. ಎರಡನೆಯವರು ಜೈಲಿನಿಂದ ಕೈದಿಗಳನ್ನು ಕರೆತರುವ ಬೆಂಗಾವಲಿನವರು, ಸಾಮಾನ್ಯವಾಗಿ ಜಿಲ್ಲಾ ಸಶಸ್ತ್ರ ಮೀಸಲು ಪಡೆಯವರು. ಕೈದಿ ಓಡದಂತೆ, ಕೈದಿಯನ್ನು ಯಾರೂ ಹೊಡೆಯದಂತೆ, ಎರಡನ್ನೂ ನೋಡಬೇಕು. ಮೂರನೆಯವ ಕೋರ್ಟಿನ ಪಟ್ಟೇವಾಲಾ. ಹೆಸರು ಕೂಗುತ್ತಾನೆ, ಕಡತ ಒಯ್ದು ಕೊಡುತ್ತಾನೆ. ಇವನಿಗೆ ಯಾರನ್ನೂ ಹಿಡಿಯುವ ಅಧಿಕಾರ ಇಲ್ಲ. ನಾಲ್ಕನೆಯವ ಬೇಲೀಫ, ಹಳಬರ ಬಾಯಲ್ಲಿ ಅಮೀನ. ಕೋರ್ಟಿನ ಹುಕುಮನ್ನು ಮನೆ ತನಕ, ಹೊಲದ ತನಕ ಮುಟ್ಟಿಸುವವ.

ಪೊಲೀಸಿನವರಿಗೆ ಸ್ವಂತ ಕಾನೂನಿನಿಂದ ಬಂದ ಅಧಿಕಾರ ಒಂದಷ್ಟು ಐತಿ. ಉಳಿದದ್ದೆಲ್ಲ ಬೆಂಚಿನ ಮೇಲೆ ಕೂತ ನ್ಯಾಯಾಧೀಶರಿಂದ ಬಂದ ಎರವಲು. ಎರವಲು ತಂದ ಕುಡಗೋಲಿನಿಂದ ಎರವಲು ಕೊಟ್ಟವರು ಹೇಳಿದ ಬೆಳೆಯನ್ನೇ ಕೊಯ್ಯಬೇಕು. ಇಷ್ಟು ತಿಳಿದರೆ ಅರ್ಧ ಕಾನೂನು ತಿಳಿದಂಗ.

ಮೊದಲು ಬಾಗಿಲು. ಕ್ರಿಮಿನಲ್ ವಿಚಾರಣೆ ನಡೆಯುವ ಜಾಗ ತೆರೆದ ನ್ಯಾಯಾಲಯ. ಹಿಡಿಯುವಷ್ಟು ಜನ ಒಳಗೆ ಬರಬಹುದು. ಹಳೆಯ ಸಿ.ಆರ್.ಪಿ.ಸಿ.ಯ 327ನೇ ಕಲಮು ಇದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮೂ ಇದನ್ನೇ ಹೇಳುತ್ತದೆ. ಸಿವಿಲ್ ವ್ಯಾಜ್ಯಕ್ಕೂ ಇದೇ ನಿಯಮ. ಯಾರನ್ನಾದರೂ ಹೊರಗೆ ಇಡಬೇಕಾದರೆ ಹಾಗಂತ ಹೇಳಬೇಕಾದವರು ನ್ಯಾಯಾಧೀಶರು. ಅತ್ಯಾಚಾರದ ಕೇಸು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು ಮುಚ್ಚಿದ ಬಾಗಿಲಲ್ಲಿ ನಡೆಯುತ್ತವೆ. ಅದು ನೊಂದವರ ಮಾನ ಕಾಯಲಿಕ್ಕೆ. ಉಳಿದಂತೆ ‘ನಿನಗೇನ ಕೆಲಸ ಒಳಗ’ ಅಂತ ಪೇದೆ ಕೇಳಿದರೆ, ‘ಇದು ತೆರೆದ ಕೋರ್ಟು ಐತ್ರಿ, ಕೇಸ್ ಕೇಳಾಕ ಬಂದೀನಿ’ ಅಂತ ಸಮಾಧಾನದಿಂದ ಹೇಳ್ರಿ. ಇಷ್ಟು ಹೇಳಲಿಕ್ಕೆ ವಕೀಲಿ ಓದಬೇಕಾಗಿಲ್ಲ.

ಹಂಗಾರ ಚೀಲ ತಪಾಸಣೆ? ಅದಕ್ಕೆ ಕಾರಣ ಐತಿ. 2016ರ ಆಗಸ್ಟ್ 1ರಂದು ಮೈಸೂರಿನ ಕೋರ್ಟಿನ ಆವರಣದ ಶೌಚಾಲಯದಲ್ಲಿ ಬಾಂಬು ಸಿಡಿಯಿತು. 2021ರ ಸೆಪ್ಟೆಂಬರಿನಲ್ಲಿ ದಿಲ್ಲಿಯ ರೋಹಿಣಿ ಕೋರ್ಟಿನೊಳಗೆ ವಕೀಲರ ವೇಷದಲ್ಲಿ ಬಂದವರು ವಿಚಾರಣಾ ಕೈದಿಯೊಬ್ಬನನ್ನು ಗುಂಡಿಟ್ಟು ಕೊಂದರು. ಇಂಥವುಗಳಾದ ಮೇಲೆ 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಪ್ರದ್ಯುಮ್ನ ಬಿಷ್ಟ್ ಕೇಸಿನಲ್ಲಿ, ಪ್ರತಿ ಕೋರ್ಟಿನ ಆವರಣಕ್ಕೂ ಕಾಯಂ ಭದ್ರತಾ ಘಟಕ ಇರುವಂಥ ಯೋಜನೆಯನ್ನು ಹೈಕೋರ್ಟುಗಳು ಸರಕಾರದ ಗೃಹ ಇಲಾಖೆ, ಪೊಲೀಸ್ ಮುಖ್ಯಸ್ಥರ ಜೊತೆ ಕೂಡಿ ಮಾಡಬೇಕು ಅಂತ ಹೇಳಿತು. ಆದ್ದರಿಂದ ಚೀಲ ತೋರಿಸು ಅಂದರೆ ತೋರಿಸ್ರಿ. ಅದು ಎಲ್ಲರ ಜೀವದ ಮಾತು, ನಮ್ಮದೂ ಸೇರಿ.

ಆದರೆ ತಪಾಸಣೆ ಎಲ್ಲರಿಗೂ ಒಂದೇ ಇರಬೇಕು. ಗೌಡರ ಕಾರು ಸಲಾಮು ಹೊಡಿಸಿಕೊಂಡು ಒಳಗೆ ಹೋಗುವುದು, ನಮ್ಮ ಅವ್ವನ ಬುತ್ತಿ ಗಂಟು ಬಿಚ್ಚಿಸುವುದು, ಇದಕ್ಕೆ ಭದ್ರತೆ ಅನ್ನಬಾರದು. ‘ಯಾವ ಊರು’ ಅಂತ ಕೇಳಲಿ. ‘ಯಾವ ಮಂದಿ’ ಅಂತ ಕೇಳುವ ಹಕ್ಕು ಬಾಗಿಲಲ್ಲಿ ನಿಂತವನಿಗೆ ಇಲ್ಲ. ಹೆಣ್ಣುಮಕ್ಕಳ ಮೈ ಮುಟ್ಟಿ ನೋಡುವುದಾದರೆ ಹೆಣ್ಣು ಸಿಬ್ಬಂದಿಯೇ ನೋಡಬೇಕು. ಮೆಟ್ಟು ಹೊರಗ ಬಿಡು, ಮೂಲ್ಯಾಗ ಕುಕ್ಕರಗಾಲಿಲೆ ಕೂಡು ಅನ್ನೋದು ಸಂಹಿತೆಯ ಯಾವ ಕಲಮಿನಲ್ಲೂ ಇಲ್ಲ. ಅದು ಊರಿನ ಕಟ್ಟೆಯ ಕಾನೂನು, ಕೋರ್ಟಿನದಲ್ಲ. ಹತ್ತು ಜನರ ಎದುರು ಜಾತಿ ಎತ್ತಿ ಬೈದರೆ ಅದು ಬರೀ ಒರಟುತನವಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಅಪರಾಧ. ಬೈದವನ ಮೈಮೇಲೆ ಖಾಕಿ ಇದ್ದರೂ ಅಪರಾಧವೇ.

ಒಳಗೆ ಹೋದ ಮೇಲೆ ಏನು? ಅಲ್ಲಿ ಗದ್ದಲ ಮಾಡಬಾರದು, ಮೊಬೈಲು ಸದ್ದು ಮಾಡಬಾರದು. ನ್ಯಾಯಾಧೀಶರ ಕಣ್ಣೆದುರು ಯಾರಾದರೂ ಕೋರ್ಟಿಗೆ ಅವಮಾನ ಮಾಡಿದರೆ ಸಂಹಿತೆಯ 384ನೇ ಕಲಮಿನಂತೆ ಅವನನ್ನು ಅಲ್ಲೇ ತಡೆದಿಡಿಸಬಹುದು. ಅದೇ ದಿನ, ಕೋರ್ಟು ಏಳುವುದರೊಳಗೆ, ಅವನ ಮಾತು ಕೇಳಿ ಸಾವಿರ ರೂಪಾಯಿ ತನಕ ದಂಡ ಹಾಕಬಹುದು. ಇದರಲ್ಲಿ ಒಂದು ಗಮನಿಸ್ರಿ. ತಡೆದಿಡಿ ಅನ್ನುವವರು ನ್ಯಾಯಾಧೀಶರು, ತಡೆದಿಡುವವ ಪೇದೆ. ಮಾತು ಕೇಳದೆ ಶಿಕ್ಷೆ ಕೊಡಲಿಕ್ಕೆ ನ್ಯಾಯಾಧೀಶರಿಗೇ ಬರೋದಿಲ್ಲ ಅಂದ ಮೇಲೆ, ವರಾಂಡದಲ್ಲಿ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಹೊಡೆಯುವ ಅಧಿಕಾರ ಪೇದೆಗೆ ಎಲ್ಲಿಂದ ಬಂತು? ಹಿಡಿಯುವ ಅಧಿಕಾರ ಅವನಿಗೆ ಐತಿ, ಬಡಿಯುವ ಅಧಿಕಾರ ಇಲ್ಲ. ತಪ್ಪಿಸಿಕೊಂಡು ಹೋಗದಂತೆ ಎಷ್ಟು ಬೇಕೋ ಅಷ್ಟೇ ಬಿಗಿ ಹಿಡಿಯಬೇಕು ಅಂತ ಕಾನೂನೇ ಹೇಳುತ್ತದೆ.

ಒಂದು ವೇಳೆ ಕೋರ್ಟಿನ ಅಂಗಳದಲ್ಲಿ ಪೊಲೀಸರು ಯಾರನ್ನಾದರೂ ದಸ್ತಗಿರಿ ಮಾಡಿದರು ಅಂತ ಇಟ್ಟುಕೊಳ್ರಿ. ಹಿಡಿಯುವವನ ಎದೆಯ ಮೇಲೆ ಹೆಸರು ಕಾಣಬೇಕು. ಯಾಕೆ ಹಿಡಿದೆ ಅಂತ ಹೇಳಬೇಕು. ದಸ್ತಗಿರಿಯ ಮೆಮೊ ಬರೆದು ಮನೆಯವರದೋ ಊರಿನ ಒಬ್ಬರದೋ ಸಾಕ್ಷಿ ಸಹಿ ಹಾಕಿಸಬೇಕು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇವುಗಳಲ್ಲಿ ಹಲವನ್ನು 1996ರಲ್ಲಿ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟು ಗಟ್ಟಿಯಾಗಿ ಹೇಳಿತು, ಆಮೇಲೆ ಶಾಸನದೊಳಗೇ ಬಂದವು. ಮೆಮೊದ ಮೇಲೆ ಸಾಕ್ಷಿ ಸಹಿ ಹಾಕಲಿಕ್ಕೆ ಅಕ್ಷರ ಬಲ್ಲ ಒಬ್ಬ ಹುಡುಗ ಅಲ್ಲಿ ಇರಬೇಕು. ಆ ಹುಡುಗ ನೀನು.

ಬೇಡಿಯ ಮಾತು. ನಮ್ಮವರ ಕೈಗೆ ಬೇಡಿ ಹಾಕಿ ಬಸ್‌ಸ್ಟ್ಯಾಂಡಿನ ಮುಂದೆ ನಡೆಸಿಕೊಂಡು ಹೋಗುವುದು ಶಿಕ್ಷೆಗೂ ಮೊದಲಿನ ಶಿಕ್ಷೆ. 1980ರಲ್ಲಿ ಪ್ರೇಮಶಂಕರ ಶುಕ್ಲಾ ಕೇಸಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಕಾರಣವಿಲ್ಲದೆ ಬೇಡಿ ಹಾಕುವುದು ಅಮಾನವೀಯ ಅಂದರು. 1995ರಲ್ಲಿ ಸುಪ್ರೀಂ ಕೋರ್ಟು, ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಕೈದಿಗೆ ಬೇಡಿ ಹಾಕಕೂಡದು ಅಂತ ಮತ್ತೆ ಹೇಳಿತು. ಈಗಿನ ಸಂಹಿತೆ ಆ ಬಿಗಿಯನ್ನು ಸ್ವಲ್ಪ ಸಡಿಲಿಸಿದೆ. ಮೇಲಿಂದ ಮೇಲೆ ಅಪರಾಧ ಮಾಡಿದವರು, ಓಡಿಹೋಗಿದ್ದವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಭಾರೀ ಆರೋಪದವರು, ಇವರಿಗೆ ಪೊಲೀಸರು ಬೇಡಿ ಹಾಕಬಹುದು ಅಂತ ಪಟ್ಟಿ ಕೊಟ್ಟಿದೆ. ಆ ಪಟ್ಟಿಯಲ್ಲಿ ಧರಣಿ ಕೂತವನ ಹೆಸರಿಲ್ಲ, ಹೊಲದ ಬದುವಿಗೆ ಜಗಳಾಡಿದವನ ಹೆಸರಿಲ್ಲ. ಅಂಥವರ ಕೈಗೆ ಬೇಡಿ ಕಂಡರೆ ವಕೀಲರ ಮೂಲಕ ನ್ಯಾಯಾಧೀಶರ ಗಮನಕ್ಕೆ ಅಲ್ಲೇ ತರಬೇಕು.

ಇನ್ನು ಕೇರಿಗೆ ಬರುವ ಬೇಲೀಫ. ಗಜೇಂದ್ರಗಡದ ಕಡೆಯವರು ಇದನ್ನು ಕಿವಿಗೊಟ್ಟು ಕೇಳ್ರಿ, ಅಲ್ಲಿ ಮಗ್ಗ ಅದಾವು, ಮಗ್ಗದ ಮ್ಯಾಲೆ ಸಾಲ ಅದಾವು. ಸಮನ್ಸು ತೊಗೊಂಡರೆ ತಪ್ಪು ಒಪ್ಪಿಕೊಂಡಂಗ ಅಂತ ನಮ್ಮವರು ಹೊಲಕ್ಕೆ ಓಡುತ್ತಾರೆ. ಹಂಗೇನಿಲ್ಲ. ತೊಗೊಳ್ಳದಿದ್ದರೇ ತೊಂದರೆ. ಬೇಲೀಫ ಬಾಗಿಲಿಗೆ ಅಂಟಿಸಿ, ಯಾರ ಎದುರು ಅಂಟಿಸಿದೆ ಅಂತ ಬರೆದು ಒಪ್ಪಿಸುತ್ತಾನೆ, ಕೇಸು ಏಕತರ್ಫಿ ನಡೆದು ಡಿಕ್ರಿ ಆಗುತ್ತದೆ. ಕಾಗದ ತೊಗೊಳ್ರಿ, ತಾರೀಖು ಓದ್ರಿ, ಆ ತಾರೀಖಿಗೆ ಹೋಗ್ರಿ.

ಡಿಕ್ರಿಯ ಹಣಕ್ಕಾಗಿ ಜಪ್ತಿಗೆ ಬಂದರೆ? ಸಿವಿಲ್ ಪ್ರಕ್ರಿಯಾ ಸಂಹಿತೆಯ 60 ಮತ್ತು 62ನೇ ಕಲಮು ನೆನಪಿಡ್ರಿ. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮೊದಲು ಜಪ್ತಿಗಾಗಿ ಮನೆಯೊಳಗೆ ಬರುವಂತಿಲ್ಲ. ಉಟ್ಟ ಬಟ್ಟೆ, ಅಡುಗೆಯ ಪಾತ್ರೆ, ಹಾಸಿಗೆ ಹೊದಿಕೆ ಜಪ್ತಿ ಮಾಡುವಂತಿಲ್ಲ. ಕಸುಬುದಾರನ ಸಾಮಾನು ಮುಟ್ಟುವಂತಿಲ್ಲ: ಬಡಗಿಯ ಬಾಚಿ, ಸಮಗಾರನ ರಂಪಿಗೆ, ಕೈಮಗ್ಗದವನ ಕೈಯ ಸಾಮಾನು. ಬದುಕಿಗೆ ಬೇಕಾದಷ್ಟು ಎತ್ತು, ಬಿತ್ತನೆಯ ಬೀಜ ಬಿಡಬೇಕು. ಕೂಲಿಯವನ ಕೂಲಿ ಜಪ್ತಿಯಾಗದು, ರೈತನೋ ಕೂಲಿಯವನೋ ತಾನು ವಾಸ ಮಾಡುವ ಮನೆಯೂ ಆಗದು. ಆ ಮನೆಯನ್ನೇ ಅಡವಿಟ್ಟು ಸಾಲ ಮಾಡಿದ್ದರೆ ಅದು ಬೇರೆ ಮಾತು. ಹಣದ ಡಿಕ್ರಿಗೆ ಹೆಣ್ಣುಮಗಳನ್ನು ಹಿಡಿದು ಜೈಲಿಗೆ ಹಾಕುವಂತಿಲ್ಲ. ಗಂಡಸನ್ನೂ ಅವನು ಬಡವ ಅನ್ನೋ ಒಂದೇ ಕಾರಣಕ್ಕೆ ಹಾಕುವಂತಿಲ್ಲ. 1980ರ ಜಾಲಿ ಜಾರ್ಜ್ ವರ್ಗೀಸ್ ತೀರ್ಪು ಅದನ್ನೇ ಹೇಳಿತು. ಇದ್ದೂ ಕೊಡದವನ ಕತೆ ಬೇರೆ, ಇಲ್ಲದವನ ಕತೆ ಬೇರೆ.

ಈಗ ನನ್ನ ಎದೆಗೆ ಹತ್ತಿರದ ಮಾತಿಗೆ ಬರತೀನಿ. ಬಾಗಿಲಲ್ಲಿ ನಿಂತವನ ದೊಡ್ಡ ಕರ್ತವ್ಯ ನಮ್ಮನ್ನು ತಡೆಯುವುದಲ್ಲ, ನಮ್ಮ ಸಾಕ್ಷಿಯನ್ನು ಕಾಯುವುದು.

2000ದ ಮಾರ್ಚ್ 11ರಂದು ಕೋಲಾರ ಕಡೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. ದೇಶವೆಲ್ಲ ಸುದ್ದಿಯಾಯಿತು. 2006ರಲ್ಲಿ ಕೆಳಗಿನ ಕೋರ್ಟಿನಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಯಾಕೆ? ಸಾಕ್ಷಿಗಳು ತಿರುಗಿಬಿದ್ದರು. ಸಾಕ್ಷಿ ಯಾಕೆ ತಿರುಗಿಬೀಳುತ್ತಾನೆ ಅಂತ ಕೇಳುವ ಮೊದಲು, ಅವನು ಕೋರ್ಟಿಗೆ ಹೋಗುವ ದಾರಿ ನೋಡ್ರಿ. ಯಾರ ಮೇಲೆ ಹೇಳಬೇಕೋ ಅವರದೇ ಊರು, ಅವರದೇ ಹೊಲದಲ್ಲಿ ಕೂಲಿ, ಅದೇ ಬಸ್ಸು, ಅದೇ ಬೇವಿನ ಮರದ ನೆರಳಲ್ಲಿ ಅವರ ಮಂದಿ ಮೀಸೆ ತಿರುವುತ್ತ ಕೂತಿರುತ್ತಾರೆ. ಕಟಕಟೆ ಹತ್ತುವ ಮೊದಲೇ ಅವನ ಸಾಕ್ಷಿ ಮುಗಿದುಹೋಗಿರುತ್ತದೆ.

ಇನ್ನೊಂದು ನಮ್ಮ ಮಗ್ಗಲಿನ ಜಿಲ್ಲೆಯದು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮೇಲೆ ಹಲ್ಲೆಯಾಯಿತು, ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮರಕುಂಬಿಯ ಜನ ಹತ್ತು ವರ್ಷ ಜಗ್ಗದೆ ನಿಂತರು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು. ಜಾಮೀನು ಕಾನೂನಿನ ಮಾತು, ಅದನ್ನು ನಾನು ಜರಿಯುವುದಿಲ್ಲ. ಆದರೆ ಜಾಮೀನಿನ ಮೇಲೆ ಬಂದವರೂ ಸಾಕ್ಷಿ ಹೇಳಿದವರೂ ಒಂದೇ ಊರಿನಲ್ಲಿ ಇರಬೇಕು. ತೀರ್ಪು ಬಂದ ದಿನ ಕಾವಲು ಮುಗಿಯುವುದಿಲ್ಲ ಅಂತ ಇದರಿಂದ ತಿಳಿಯಬೇಕು.

ಇದಕ್ಕೆ ಕಾನೂನು ಇಲ್ಲದಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿ 15-ಎ ಕಲಮು ಸೇರಿಸಿದರು, 2016ರ ಜನವರಿ 26ರಿಂದ ಜಾರಿಯಾಯಿತು. ಅದರಂತೆ ನೊಂದವರಿಗೂ ಸಾಕ್ಷಿಗಳಿಗೂ ಬೆದರಿಕೆಯಿಂದ ರಕ್ಷಣೆ ಕೊಡಬೇಕು. ವಿಚಾರಣೆ ಯಾವತ್ತು, ಜಾಮೀನು ಅರ್ಜಿ ಯಾವತ್ತು ಅಂತ ನೊಂದವರಿಗೆ ಮೊದಲೇ ತಿಳಿಸಬೇಕು, ಅವರ ಮಾತೂ ಕೇಳಬೇಕು. ಹೋಗಿಬರುವ ಖರ್ಚು, ಊಟದ ಖರ್ಚು ಕೊಡಬೇಕು. ಸಾಕ್ಷಿಯ ಹೆಸರು, ವಿಳಾಸ ಮುಚ್ಚಿಡಬೇಕಾದರೆ ಕೋರ್ಟು ಮುಚ್ಚಿಡಿಸಬಹುದು. 2018ರ ಡಿಸೆಂಬರಿನಲ್ಲಿ ಮಹೇಂದ್ರ ಚಾವ್ಲಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಕಾನೂನು ಅಂತ ಸಾರಿತು. ಅದರಲ್ಲಿ ಸಾಕ್ಷಿಯನ್ನು ಕೋರ್ಟಿಗೆ ಪೊಲೀಸ್ ಬೆಂಗಾವಲಿನಲ್ಲಿ ಕರೆತರುವುದೂ ಇದೆ, ಸಾಕ್ಷಿಯೂ ಆರೋಪಿಯೂ ಎದುರುಬದುರು ಆಗದಂತೆ ನೋಡುವುದೂ ಇದೆ. ರೋಣದವರಾದರೂ ನರಗುಂದದವರಾದರೂ ದೌರ್ಜನ್ಯದ ಕೇಸಿಗೆ ಗದಗಿನ ಜಿಲ್ಲಾ ಕೋರ್ಟಿಗೆ ಹೋಗಬೇಕು. ಅಷ್ಟು ದೂರದ ದಾರಿಯಲ್ಲಿ ಸಾಕ್ಷಿ ಒಬ್ಬಂಟಿಯಾಗಿ ಹೋದರೆ ಅದು ಪೊಲೀಸರದೂ ತಪ್ಪು, ನಮ್ಮದೂ ತಪ್ಪು. ನೊಂದವರು ಸಂಘಟನೆಯವರ, ಸಮಾಜ ಕಾರ್ಯಕರ್ತರ, ವಕೀಲರ ನೆರವು ಪಡೆಯುವುದು ಅವರ ಹಕ್ಕು ಅಂತ 15-ಎ ಕಲಮೇ ಹೇಳುತ್ತದೆ. ‘ನೀ ಯಾಕ ಬಂದಿ ಇವರ ಜೋಡಿ’ ಅಂತ ಗೇಟಿನಲ್ಲಿ ಕೇಳಿದರೆ ಈ ಕಲಮು ಹೇಳ್ರಿ.

ಒಂದು ಮಾತು ಮರೀಬ್ಯಾಡ್ರಿ. ಆ ಪೇದೆಯೂ ನಮ್ಮಂಥ ಬಡವರ ಮಗ. ನರಗುಂದದ ನೆಲಕ್ಕೆ ಇದು ಗೊತ್ತು. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದಾಗ ಅಲ್ಲಿ ಗೋಲಿಬಾರ್ ಆಯಿತು. ಸತ್ತವರೂ ದುಡಿಯುವವರ ಮಕ್ಕಳು, ಬಂದೂಕು ಹಿಡಿದವರೂ ದುಡಿಯುವವರ ಮಕ್ಕಳು. ಕರ ಹಾಕಿದವರು ಅಲ್ಲಿ ಇರಲೇ ಇಲ್ಲ. ನಿಮ್ಮೊಳಗ ಎಷ್ಟು ಮಂದಿ ಪಿ.ಸಿ. ಪರೀಕ್ಷೆಗೆ ಓದಾಕತ್ತೀರಿ? ಕೈ ಎತ್ತಬ್ಯಾಡ್ರಿ, ನನಗ ಗೊತ್ತೈತಿ. ನಾಳೆ ನೀವೇ ಆ ಬಾಗಿಲಲ್ಲಿ ನಿಲ್ಲಬಹುದು. ಮುಂಜಾನೆ ಎಂಟಕ್ಕೆ ಬುತ್ತಿ ಕಟ್ಟಿಕೊಂಡು ಬಂದ ಮುದುಕಿಯೊಬ್ಬಳು ಬೆವರಿದ ಕೈಯಲ್ಲಿ ಸಮನ್ಸು ಹಿಡಿದು ನಿಮ್ಮ ಮುಂದೆ ನಿಂತಾಳು. ಆಗ ನಿಮ್ಮ ಬಾಯಿಂದ ‘ಏ ಮುದುಕಿ’ ಬರುತ್ತದೋ, ‘ಬಾಯವ್ವಾ, ನಿನ್ನ ಕೇಸು ಎರಡನೇ ಹಾಲಿನ್ಯಾಗ ಐತಿ’ ಅಂತ ಬರುತ್ತದೋ? ನೀವು ತೊಟ್ಟ ಖಾಕಿಯ ಬೆಲೆ ಆ ಒಂದು ಮಾತಿನಲ್ಲೈತಿ.

ಕಡೆಯದಾಗಿ ಕೆಲಸ. ಪ್ರತಿ ಹಾಸ್ಟೆಲಿನಲ್ಲಿ ನಾಲ್ಕು ಮಂದಿ ಸೇರಿ ಒಂದು ನೋಟುಬುಕ್ಕು ಮಾಡ್ರಿ. ನಿಮ್ಮ ಊರಿನಲ್ಲಿ ಯಾರ ಕೇಸು ಐತಿ, ಮುಂದಿನ ತಾರೀಖು ಯಾವುದು ಅಂತ ಬರೆದಿಡ್ರಿ. ತಾರೀಖಿನ ದಿನ ಇಬ್ಬರು ಜೊತೆಗೆ ಹೋಗ್ರಿ. ತಿಂಗಳಿಗೊಮ್ಮೆ ರೋಣದ್ದೋ ನರಗುಂದದ್ದೋ ಕೋರ್ಟಿನೊಳಗೆ ಸುಮ್ಮನೆ ಕೂತು ಕೇಸು ಕೇಳ್ರಿ, ಆ ಜಾಗದ ಅಂಜಿಕೆ ಹೋಗಲಿ. ಯಾರಾದರೂ ಬಾಗಿಲಲ್ಲಿ ಅವಮಾನ ಮಾಡಿದರೆ ಕೈ ಎತ್ತಬ್ಯಾಡ್ರಿ, ಕೂಗಾಡಬ್ಯಾಡ್ರಿ. ಹೆಸರು, ಬಿಲ್ಲೆ ನಂಬರು, ಹೊತ್ತು, ನೋಡಿದವರ ಹೆಸರು ಬರೆದುಕೊಂಡು ಅದೇ ದಿನ ನ್ಯಾಯಾಧೀಶರಿಗೆ ಅರ್ಜಿ ಕೊಡ್ರಿ, ಒಂದು ಪ್ರತಿ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಕಳಿಸ್ರಿ. ವಕೀಲರಿಗೆ ಕೊಡಲು ರೊಕ್ಕ ಇಲ್ಲ ಅನ್ನುವವರಿಗೆ ತಾಲೂಕು ಕಾನೂನು ಸೇವಾ ಸಮಿತಿ ತೋರಿಸ್ರಿ. 1987ರ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಎಲ್ಲ ಹೆಣ್ಣುಮಕ್ಕಳಿಗೆ, ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಫೋನ್ ನಂಬರು 15100.

ಅಂಜಿಕೆಗೆ ಔಷಧ ಅಂದರೆ ಗೊತ್ತಿರೋದು. ಗೊತ್ತಿಲ್ಲದವನ ಮುಂದೆ ಪೇದೆಯೂ ಜಡ್ಜ್ ಆಗುತ್ತಾನೆ. ಗೊತ್ತಿದ್ದವನ ಮುಂದೆ ಪೇದೆ ಪೇದೆಯಾಗಿ ಉಳಿಯುತ್ತಾನೆ, ಒಳ್ಳೆಯ ಪೇದೆಯೂ ಆಗುತ್ತಾನೆ. ನಮ್ಮ ಅಜ್ಜಂದಿರಿಗೆ ಆ ಬಾಗಿಲು ಹೊಗಲಿಕ್ಕೆ ಒಂದು ಠರಾವು ಬೇಕಾಗಿತ್ತು. ನಿಮಗೆ ಠರಾವು ಬೇಕಾಗಿಲ್ಲ. ತಲೆ ಎತ್ತಿ ಒಳಗೆ ಹೋಗ್ರಿ, ಹಿಂದೆ ಅಂಜಿ ನಿಂತವರ ಕೈ ಹಿಡಿದು ಒಳಗೆ ಕರಕೊಳ್ರಿ.

ಜೈ ಭೀಮ್.